ತಂತಿಯ ದಪ್ಪದ ಚರಿತ್ರೆ



ಈಚೆಗೆ ನಮ್ಮ ಬಳಗದಲ್ಲಿ ಮನೆಯ ತಾರಸಿಯ ಮೇಲೆ ಸೌರಫಲಕಗಳನ್ನು ಹಾಕಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿದ ಮೇಲಂತೂ ಮದುವೆ ಮುಂಜಿಗಳ ಊಟದ ಪಂಕ್ತಿಯಲ್ಲೂ ಇದೇ ಮಾತು. ಫಲಕ ಯಾವ ಕಂಪನಿಯದು, ಇನ್ವರ್ಟರ್ ಎಷ್ಟು ಕಿಲೋವ್ಯಾಟಿನದು, ಸಹಾಯಧನ ಎಷ್ಟು ಬಂತು ಎಂದು ಎಲ್ಲರೂ ವಿಚಾರಿಸುತ್ತಾರೆ. ಇನ್ವರ್ಟರಿನಿಂದ ಹೊರಟು ಮೀಟರ್ ಬೋರ್ಡನ್ನು ಸೇರುವ ತಂತಿ ಎಷ್ಟು ದಪ್ಪವಿರಬೇಕು ಎಂದು ಕೇಳುವವರು ಮಾತ್ರ ವಿರಳ. ಆ ತಂತಿಯಾದರೋ ಗೋಡೆಯೊಳಗಿನ ಪೈಪಿನಲ್ಲಿ ಅಡಗಿ ಇಪ್ಪತ್ತೈದು ವರ್ಷ ದುಡಿಯಬೇಕಾದದ್ದು. ಕಣ್ಣಿಗೆ ಕಾಣದ ಕಾರಣ ಉಳಿತಾಯದ ಕತ್ತರಿ ಮೊದಲು ಬೀಳುವುದೂ ಅದರ ಮೇಲೆಯೇ.

ತಂತಿಯ ದಪ್ಪದ ಪ್ರಶ್ನೆಗೆ ಮುನ್ನೂರು ವರ್ಷಗಳಷ್ಟು ದೀರ್ಘವಾದ ಚರಿತ್ರೆಯಿದೆ. ಅದರ ಒಂದೊಂದು ಪಾಠವನ್ನೂ ಮನುಷ್ಯ ಸಾಕಷ್ಟು ಬೆಲೆ ತೆತ್ತೇ ಕಲಿತಿದ್ದಾನೆ. ಆ ಪಾಠಗಳನ್ನು ಒಂದೊಂದಾಗಿ ನೋಡಿ, ಅನಂತರ ನಮ್ಮ ತಾರಸಿಯ ಲೆಕ್ಕಕ್ಕೆ ಬರೋಣ.

1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬಾತ, ಉಜ್ಜಿದ ಗಾಜಿನ ಕೊಳವೆಯಲ್ಲಿ ಹುಟ್ಟಿದ ವಿದ್ಯುತ್ತು ಹುರಿಯ ಮೂಲಕ ದೂರಕ್ಕೆ ಹರಿಯಬಲ್ಲುದು ಎಂದು ಕಂಡುಕೊಂಡನು. ಈತ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ಗೆಳೆಯ ಗ್ರ್ಯಾನ್ವಿಲ್ ವೀಲರನ ಮನೆಯಲ್ಲಿ ಉದ್ದನೆಯ ಹುರಿಯನ್ನು ರೇಷ್ಮೆ ದಾರಗಳಿಂದ ತೂಗುಬಿಟ್ಟು ಪ್ರಯೋಗ ಮಾಡುತ್ತಿದ್ದಾಗ, ಭಾರ ತಾಳದೆ ದಾರವು ಕಡಿದುಹೋಯಿತು. ದಾರ ಸಣ್ಣದಾದ್ದರಿಂದಲೇ ವಿದ್ಯುತ್ತು ಸೋರುತ್ತಿರಲಿಲ್ಲ ಎಂದು ಭಾವಿಸಿದ್ದ ಅವರು, ಅಷ್ಟೇ ಸಣ್ಣದಾದ ಹಿತ್ತಾಳೆಯ ತಂತಿಯನ್ನು ಕಟ್ಟಿದರು. ಪ್ರಯೋಗ ಸಂಪೂರ್ಣವಾಗಿ ವಿಫಲವಾಯಿತು. ವಿದ್ಯುತ್ತೆಲ್ಲವೂ ಹಿತ್ತಾಳೆಯ ಮೂಲಕ ಹರಿದುಹೋಗಿತ್ತು. ವಾಹಕ ಮತ್ತು ಅವಾಹಕಗಳೆಂಬ ಭೇದವು ಹೀಗೆ ತಿಳಿದುಬಂತು. ದಪ್ಪಕ್ಕಿಂತ ಮೊದಲು ನೋಡಬೇಕಾದದ್ದು ತಂತಿಯು ಯಾವ ವಸ್ತುವಿನದು ಎಂಬುದನ್ನು. ಇದು ಮೊದಲನೆಯ ಪಾಠ.

ಎರಡನೆಯ ಪಾಠ ಕಲಿಸಿದವನು ನಮ್ಮ ವೃತ್ತಿಯವನೇ ಎಂಬುದು ನನಗೆ ಹೆಮ್ಮೆಯ ಸಂಗತಿ. ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನದ ಉಪಾಧ್ಯಾಯ. ಶಾಲೆಯ ಪ್ರಯೋಗಾಲಯದಲ್ಲಿ ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ, ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಹಿಮದಲ್ಲಿ ಇರಿಸಿದ ಲೋಹಜೋಡಿಯಿಂದ ಸ್ಥಿರವಾದ ಪ್ರವಾಹ ಪಡೆದು ಆತ ಅಳತೆಗಳನ್ನು ಮಾಡಿದನು. 1827ರಲ್ಲಿ ಪ್ರಕಟವಾದ ಅವನ ಗ್ರಂಥವು ನಾವು ಇಂದು ಮಕ್ಕಳಿಗೆ ಹೇಳಿಕೊಡುವ ನಿಯಮವನ್ನು ಜಗತ್ತಿಗೆ ನೀಡಿತು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು; ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೂ ರೋಧ ಕಡಿಮೆ. ತಾಯ್ನಾಡಿನ ವಿದ್ವಾಂಸರು ಮೊದಲು ಆತನನ್ನು ಮನ್ನಿಸಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನು ಕೊಟ್ಟ ಮೇಲೆ ಮನ್ನಣೆ ದೊರೆಯಿತು.

ಮೂರನೆಯದು ಕಾವಿನ ಪಾಠ. ಇಂಗ್ಲೆಂಡಿನ ಮದ್ಯ ತಯಾರಕರ ಮನೆತನದ ಯುವಕ ಜೇಮ್ಸ್ ಜೌಲ್ 1840–41ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಮುಮ್ಮಡಿಯಾದರೆ ಒಂಬತ್ತು ಮಡಿ. ಹತ್ತನೆಯ ತರಗತಿಯಲ್ಲಿ ನಾವು ಮಾಡುತ್ತಿದ್ದ ಪ್ರಯೋಗ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಂದು ದಪ್ಪ ತಂತಿಯನ್ನೂ ಒಂದು ಸಣ್ಣ ಎಳೆಯನ್ನೂ ಒಂದರ ಹಿಂದೊಂದು ಜೋಡಿಸಿ, ಎರಡರ ಮೇಲೂ ಮೇಣದಿಂದ ಕಡ್ಡಿಗಳನ್ನು ಅಂಟಿಸಿ, ಬ್ಯಾಟರಿಗೆ ಸೇರಿಸುತ್ತಿದ್ದೆವು. ಸಣ್ಣ ಎಳೆಯ ಮೇಲಿನ ಮೇಣ ಕರಗಿ ಕಡ್ಡಿಗಳು ಒಂದೊಂದಾಗಿ ಉದುರುತ್ತಿದ್ದವು. ದಪ್ಪ ತಂತಿಯ ಮೇಲಿನವು ನಿಂತೇ ಇರುತ್ತಿದ್ದವು. ಎರಡರಲ್ಲಿಯೂ ಹರಿದದ್ದು ಒಂದೇ ಪ್ರವಾಹ. ಅಂದು ಉದುರಿದ ಕಡ್ಡಿಯೇ ಇಂದಿನ ಈ ಬರಹದ ಸಾರ.

ಈ ನಿಯಮಗಳು ಪುಸ್ತಕದಲ್ಲಿದ್ದರೂ ಉದ್ಯಮಿಗಳು ಅವನ್ನು ನಂಬಲು ಒಂದು ದೊಡ್ಡ ನಷ್ಟವೇ ಆಗಬೇಕಾಯಿತು. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಐರ್ಲೆಂಡಿನಿಂದ ಅಮೆರಿಕ ಖಂಡದ ನ್ಯೂಫೌಂಡ್‌ಲೆಂಡಿನವರೆಗೆ ತಂತಿ ಕೇಬಲನ್ನು ಹಾಸಲಾಯಿತು. ದಪ್ಪನೆಯ, ಶುದ್ಧ ತಾಮ್ರದ ವಾಹಕ ಬೇಕೆಂದು ವಿಲಿಯಂ ಥಾಮ್ಸನ್ ವಾದಿಸಿದ್ದರು. ಸಂಸ್ಥೆಯ ವಿದ್ಯುತ್ ತಜ್ಞನಾಗಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಸಣ್ಣ ವಾಹಕವೇ ಸಾಕೆಂದನು. ಕೊನೆಗೆ ಹಾಸಿದ್ದು ಒಂದು ನಾವಿಕ ಮೈಲಿಗೆ 107 ಪೌಂಡು ತಾಮ್ರವಿದ್ದ ಕೇಬಲ್. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು 16 ಗಂಟೆ ಹಿಡಿಯಿತು. ಸಂಕೇತ ಬಲವಾಗಲೆಂದು ವೈಟ್‌ಹೌಸ್ ಸುಮಾರು 2,000 ವೋಲ್ಟ್ ಪ್ರಯೋಗಿಸಲು, ಮೊದಲೇ ದುರ್ಬಲವಾಗಿದ್ದ ಹೊದಿಕೆ ಭೇದಿಸಿ, ಕೇಬಲ್ ಕೆಲವೇ ವಾರಗಳಲ್ಲಿ ಮೂಕವಾಯಿತು. 1866ರಲ್ಲಿ ಯಶಸ್ವಿಯಾದ ಕೇಬಲಿನಲ್ಲಿ ಮೈಲಿಗೆ 300 ಪೌಂಡು ತಾಮ್ರವಿತ್ತು. ತಾಮ್ರದಲ್ಲಿ ಮಾಡಿದ ಉಳಿತಾಯವನ್ನು ಸಮುದ್ರವು ಬಡ್ಡಿ ಸಹಿತ ವಸೂಲು ಮಾಡಿತೆನ್ನಬಹುದು.

ಹಾಗಾದರೆ ತಂತಿ ದಪ್ಪವಾದಷ್ಟೂ ಒಳ್ಳೆಯದೇ? ತಾಮ್ರ ಬಿಟ್ಟಿಯಾಗಿ ಬರುವುದಿಲ್ಲವಷ್ಟೆ! 1881ರಲ್ಲಿ ಇದೇ ಥಾಮ್ಸನ್ನರು, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಯಾರ್ಕ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಒಂದು ಸೊಗಸಾದ ಸೂತ್ರವನ್ನು ಮಂಡಿಸಿದರು. ತಾಮ್ರಕ್ಕೆ ಹಾಕಿದ ಬಂಡವಾಳದ ವಾರ್ಷಿಕ ಬಡ್ಡಿಯೂ, ತಂತಿಯಲ್ಲಿ ಶಾಖವಾಗಿ ವ್ಯರ್ಥವಾಗುವ ವಿದ್ಯುತ್ತಿನ ವಾರ್ಷಿಕ ಬೆಲೆಯೂ ಸಮವಾಗುವ ದಪ್ಪವೇ ಅತ್ಯಂತ ಮಿತವ್ಯಯದ ದಪ್ಪ ಎಂಬುದು ಅದರ ತಾತ್ಪರ್ಯ. ಅದಕ್ಕಿಂತ ಸಣ್ಣದಾದರೆ ವಿದ್ಯುತ್ ದಂಡ, ದೊಡ್ಡದಾದರೆ ತಾಮ್ರ ದಂಡ. ತಂತಿಯ ದಪ್ಪಕ್ಕೆ ಹಣದ ಲೆಕ್ಕವೂ ಉಂಟೆಂಬ ನಾಲ್ಕನೆಯ ಪಾಠ ಇದು.

ಮರುವರ್ಷವೇ, 1882ರ ಸೆಪ್ಟೆಂಬರಿನಲ್ಲಿ, ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ 110 ವೋಲ್ಟಿನ ವಿದ್ಯುದಾಗಾರವನ್ನು ಆರಂಭಿಸಿದನು. ರಸ್ತೆಯಡಿಯಲ್ಲಿ ಹೂಳಿದ ತಾಮ್ರವೇ ಅವನ ದೊಡ್ಡ ಚಿಂತೆಯಾಗಿತ್ತು. ಆ ಹೊರೆ ಇಳಿಸಲು ಎಡಿಸನ್, ಹಾಗೆಯೇ ಸ್ವತಂತ್ರವಾಗಿ ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್, ಮೂರು ತಂತಿಗಳ ವ್ಯವಸ್ಥೆಯನ್ನು ಯೋಚಿಸಿದರು. ಹೊರಗಿನ ಎರಡು ತಂತಿಗಳ ನಡುವೆ 220 ವೋಲ್ಟ್, ಮಧ್ಯದಲ್ಲೊಂದು ತಟಸ್ಥ ತಂತಿ. ವೋಲ್ಟೇಜ್ ಇಮ್ಮಡಿಯಾದ್ದರಿಂದ ಪ್ರವಾಹ ಅರ್ಧವಾಗಿ, ತಂತಿಯ ವಿಸ್ತೀರ್ಣ ಕಾಲುಭಾಗವಾದರೂ ಸಾಕಾಯಿತು. ಎರಡರ ಬದಲು ಮೂರು ತಂತಿ ಹಾಕಿದರೂ ಮೊದಲಿನ ತಾಮ್ರದ ಎಂಟರಲ್ಲಿ ಮೂರು ಪಾಲು ಮಾತ್ರವೇ ಬೇಕು! ತಂತಿಯನ್ನು ಸಣ್ಣದು ಮಾಡುವ ನ್ಯಾಯವಾದ ಮಾರ್ಗ ಪ್ರವಾಹವನ್ನು ಕಡಿಮೆ ಮಾಡುವುದು ಎಂಬ ಐದನೆಯ ಪಾಠ ಇಲ್ಲಿ ಸಿಕ್ಕಿತು.

ಈ ಪಾಠದ ಭವ್ಯವಾದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾಗಿ 1902ರಲ್ಲಿ ಆರಂಭವಾದ ಶಿವನಸಮುದ್ರದ ಜಲವಿದ್ಯುದಾಗಾರವು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಇದೂ ಒಂದು. ಎಡಿಸನ್ನನ 110 ವೋಲ್ಟಿನಲ್ಲಿ ಅಷ್ಟು ದೂರ ಸಾಗಿಸಹೊರಟಿದ್ದರೆ, ಗಣಿಯ ಚಿನ್ನವನ್ನೆಲ್ಲ ಮಾರಿದರೂ ತಾಮ್ರ ಸಾಲುತ್ತಿರಲಿಲ್ಲವೇನೋ! ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಪ್ರವಾಹ ಹತ್ತನೆಯ ಒಂದು ಭಾಗಕ್ಕೂ, ಅದೇ ತಂತಿಯಲ್ಲಿ ಶಾಖದ ನಷ್ಟ ನೂರನೆಯ ಒಂದು ಭಾಗಕ್ಕೂ ಇಳಿಯುತ್ತದೆ. ಆದ್ದರಿಂದಲೇ ಅಲ್ಲಿ 30ರಿಂದ 35 ಸಾವಿರ ವೋಲ್ಟಿನಷ್ಟು ಎತ್ತರದ ವೋಲ್ಟೇಜನ್ನು ಆರಿಸಿಕೊಂಡದ್ದು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ಇದೇ ಕಾವೇರಿಯ ವಿದ್ಯುತ್ತಿನಿಂದ.

ಇನ್ನು ತಂತಿಯ ಅಳತೆಯ ಹೆಸರುಗಳ ಬಗ್ಗೆ ಒಂದು ಮಾತು. ಹಳೆಯ ಎಲೆಕ್ಟ್ರಿಷಿಯನ್ನರು ‘ಮೂರು ಇಪ್ಪತ್ತು’, ‘ಏಳು ಇಪ್ಪತ್ತು’ ಎಂದು ಮಂತ್ರದಂತೆ ಹೇಳುವುದನ್ನು ಕೇಳಿದ್ದೀರಿ. ಇಪ್ಪತ್ತನೆಯ ಗೇಜಿನ ಮೂರು ಎಳೆ, ಏಳು ಎಳೆ ಎಂಬುದು ಅದರ ಅರ್ಥ. ಈ ಗೇಜಿನ ಅಂಕಗಳು 1884ರಿಂದ ಬ್ರಿಟನ್ನಿನಲ್ಲಿ ಶಾಸನಬದ್ಧವಾದ ಅಳತೆಯವು. ಅಂಕ ಹೆಚ್ಚಾದಷ್ಟೂ ತಂತಿ ಸಣ್ಣದು! ಕಾರಣವಿಷ್ಟೆ: ತಂತಿಯನ್ನು ಅಚ್ಚಿನ ರಂಧ್ರಗಳ ಮೂಲಕ ಎಳೆದೆಳೆದು ಸಣ್ಣದು ಮಾಡುತ್ತಿದ್ದರು, ಹೆಚ್ಚು ಸಲ ಎಳೆದದ್ದಕ್ಕೆ ಹೆಚ್ಚಿನ ಅಂಕ. ಈಗ ಬಳಕೆಯಲ್ಲಿರುವುದು ಚದರ ಮಿಲಿಮೀಟರ್: 1.5, 2.5, 4, 6, 10, 16, 25. ಈ ಸಾಲಿನಲ್ಲಿ ಪ್ರತಿ ಹೆಜ್ಜೆಯೂ ಹಿಂದಿನದರ ಸುಮಾರು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಎಂಬುದನ್ನು ಗಮನಿಸಿ. ಇಂಥ ಗುಣೋತ್ತರ ಶ್ರೇಢಿಯನ್ನು ಅಳತೆಗಳಿಗೆ ಅಳವಡಿಸಿದವನು ಫ್ರೆಂಚ್ ಸೇನೆಯ ಶಾರ್ಲ್ ರೆನಾರ್. 1870ರ ದಶಕದಲ್ಲಿ ಬಲೂನುಗಳಿಗೆ ಬಳಸುತ್ತಿದ್ದ 425 ಬಗೆಯ ಹಗ್ಗಗಳನ್ನು ಆತ 17ಕ್ಕೆ ಇಳಿಸಿದನು. ಹಗ್ಗದ ಲೆಕ್ಕವು ತಂತಿಗೂ ಒದಗಿತು. ಹಳೆಯ ‘ಏಳು ಇಪ್ಪತ್ತು’ ಇಂದಿನ ಸುಮಾರು 4.6 ಚದರ ಮಿಲಿಮೀಟರಿಗೆ ಸಮ.

ಇಷ್ಟು ಕಾಲವೂ ವಿದ್ಯುತ್ತು ಊರಾಚೆಯಿಂದ ಮನೆಗೆ ಹರಿದು ಬರುತ್ತಿತ್ತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು ಸೂರ್ಯನ ಬೆಳಕಿನ ಶೇಕಡ 6ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸುವ ಸಿಲಿಕಾನ್ ಕೋಶವನ್ನು ತೋರಿಸಿದ ಮೇಲೆ, ಮನೆಯೇ ವಿದ್ಯುದಾಗಾರವಾಗುವ ದಿನ ಹತ್ತಿರವಾಯಿತು. 2010ರ ಹೊತ್ತಿಗೆ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಮೂರು ಮೆಗಾವ್ಯಾಟಿನ ಸೌರಸ್ಥಾವರ ಕೆಲಸ ಮಾಡತೊಡಗಿತ್ತು. ಕಾವೇರಿಯ ವಿದ್ಯುತ್ತಿಗಾಗಿ ಒಂದು ಕಾಲದಲ್ಲಿ 92 ಮೈಲಿ ತಂತಿ ಎಳೆಸಿಕೊಂಡ ಜಿಲ್ಲೆಯೇ ಬಿಸಿಲಿನಿಂದ ವಿದ್ಯುತ್ತನ್ನು ಹೊರಗೆ ಕೊಡುವಂತಾದುದು ಕಾಲದ ಸೋಜಿಗ. ಇಂದು ಅದೇ ಕೆಲಸವನ್ನು ನಿಮ್ಮ ತಾರಸಿಯೂ ಮಾಡುತ್ತಿದೆ.

ಹರಿವಿನ ದಿಕ್ಕು ತಿರುಗಿದಾಗ ತಂತಿಯ ಲೆಕ್ಕವೂ ತಿರುಗಬೇಕು. ಐದು ಕಿಲೋವ್ಯಾಟಿನ ಒಂದು ಸಿಂಗಲ್ ಫೇಸ್ ಇನ್ವರ್ಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 5,000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 21.7 ಆಂಪಿಯರ್. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಂತೆ ಈ ಪ್ರವಾಹ ಐದು ಹತ್ತು ನಿಮಿಷದ್ದಲ್ಲ. ಬಿಸಿಲೇರಿದ ಮೇಲೆ ಗಂಟೆಗಟ್ಟಲೆ ಎಡೆಬಿಡದೆ ಹರಿಯುತ್ತದೆ. ಆದ್ದರಿಂದ ಕಾಲುಭಾಗ ಸೇರಿಸಿ 27 ಆಂಪಿಯರ್ ಎಂದು ಹಿಡಿಯುವುದು ಜಾಣತನ. ಅದಕ್ಕೆ ಒದಗುವ ಎಂ.ಸಿ.ಬಿ. 32 ಆಂಪಿಯರಿನದು. ತಂತಿಯು ಆ 32 ಆಂಪಿಯರನ್ನು ತಾಳಬಲ್ಲದ್ದಾಗಿರಬೇಕು; ಇಲ್ಲವಾದರೆ ಎಂ.ಸಿ.ಬಿ. ಎಚ್ಚರಗೊಳ್ಳುವ ಮೊದಲೇ ತಂತಿ ಸುಡುತ್ತದೆ.

ಅಂತರರಾಷ್ಟ್ರೀಯ ಕೋಷ್ಟಕದ ಪ್ರಕಾರ ಗೋಡೆಯ ಮೇಲಿನ ಪೈಪಿನಲ್ಲಿ ಹೋಗುವ ಪಿ.ವಿ.ಸಿ. ಹೊದಿಕೆಯ ತಾಮ್ರದ ತಂತಿ ತಾಳುವ ಪ್ರವಾಹ ಹೀಗಿದೆ: 4 ಚದರ ಮಿಲಿಮೀಟರಿಗೆ 32 ಆಂಪಿಯರ್, 6ಕ್ಕೆ 41, 10ಕ್ಕೆ 57. ಇದನ್ನು ನೋಡಿ ‘ನಾಲ್ಕೇ ಸಾಕು’ ಎನ್ನುವವರಿದ್ದಾರೆ. ಆದರೆ ಈ ಅಂಕಗಳು ಸುತ್ತಲಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದಾಗಿನವು. ನಮ್ಮ ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಪೈಪಿನೊಳಗೆ 50 ಡಿಗ್ರಿ ಎಂದರೆ ಆಶ್ಚರ್ಯವಿಲ್ಲ. ಆಗ ತಂತಿಯ ಶಕ್ತಿ ಶೇಕಡ 71ಕ್ಕೆ ಇಳಿಯುತ್ತದೆ. ನಾಲ್ಕರದು ಸುಮಾರು 23 ಆಂಪಿಯರ್, ಆರರದು 29, ಹತ್ತರದು 40. ಎಂದರೆ 32ನ್ನು ದಾಟುವುದು ಹತ್ತು ಚದರ ಮಿಲಿಮೀಟರಿನ ತಂತಿ ಮಾತ್ರ. ಇದು ಜೌಲನ ಪಾಠ.

ಇನ್ನು ಓಮನ ಪಾಠ. ಇನ್ವರ್ಟರಿನಿಂದ ಮೀಟರ್ ಬೋರ್ಡಿಗೆ 30 ಮೀಟರ್ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ 60 ಮೀಟರ್. ಬಿಸಿಯಾದ ತಾಮ್ರದಲ್ಲಿ ಇದರ ರೋಧ ನಾಲ್ಕರ ತಂತಿಗೆ ಸುಮಾರು 0.3 ಓಮ್, ಹತ್ತರದಕ್ಕೆ 0.12 ಓಮ್. ಪ್ರವಾಹದಿಂದ ಗುಣಿಸಿದರೆ ಕ್ರಮವಾಗಿ 6.5 ಮತ್ತು 2.6 ವೋಲ್ಟ್. ಸಾಮಾನ್ಯವಾಗಿ ಇದನ್ನು ವೋಲ್ಟೇಜಿನ ಇಳಿತ ಎನ್ನುತ್ತೇವೆ. ಕಾಲುವೆಯ ಕೊನೆಯ ರೈತನಿಗೆ ನೀರು ಸಾಲದಂತೆ, ಲೈನಿನ ಕೊನೆಯ ಮನೆಗೆ ವೋಲ್ಟೇಜ್ ಸಾಲದು. ಇಲ್ಲಿ ಮಾತ್ರ ನೀರನ್ನು ಕೊನೆಯಿಂದ ಮೇಲಕ್ಕೆ ತಳ್ಳಬೇಕು. ಹಾಗೆ ತಳ್ಳಲು ಇನ್ವರ್ಟರಿನ ಬಳಿ ವೋಲ್ಟೇಜ್ ಮೀಟರಿನ ಬಳಿಗಿಂತ ಅಷ್ಟು ಹೆಚ್ಚಿರಬೇಕು; ಇಳಿತವು ಏರಿಕೆಯಾಗುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳಂತೆ, ವೋಲ್ಟೇಜ್ ಶೇಕಡ 110ನ್ನು, ಎಂದರೆ 253 ವೋಲ್ಟನ್ನು, ಮೀರಿದರೆ ಇಂತಹ ಘಟಕ ಎರಡು ಸೆಕೆಂಡಿನೊಳಗೆ ಜಾಲದಿಂದ ಬೇರ್ಪಡಬೇಕು. ನಡುಹಗಲು ಬೀದಿಯ ವೋಲ್ಟೇಜ್ 248 ಇದೆಯೆನ್ನಿ. ನಾಲ್ಕರ ತಂತಿಯಾದರೆ 254.5 ಆಗಿ ಇನ್ವರ್ಟರ್ ಬಂದ್ ಆಗುತ್ತದೆ, ಹತ್ತರದಾದರೆ 250.6ರಲ್ಲಿ ದುಡಿಯುತ್ತಲೇ ಇರುತ್ತದೆ. ‘ಒಳ್ಳೆ ಬಿಸಿಲಿನಲ್ಲೇ ಇನ್ವರ್ಟರ್ ನಿಂತುಹೋಗುತ್ತದೆ, ಯಂತ್ರ ಕೆಟ್ಟಿದೆ’ ಎಂದು ಹಲುಬುವವರು ಒಮ್ಮೆ ತಂತಿಯ ಕಡೆಗೂ ನೋಡಬೇಕು.

ಕೆಲ್ವಿನ್ನರ ಪಾಠ ಉಳಿಯಿತು. ಪೂರ್ಣ ಉತ್ಪಾದನೆಯ ವೇಳೆ ನಾಲ್ಕರ ತಂತಿಯಲ್ಲಿ ಸುಮಾರು 141 ವ್ಯಾಟ್, ಹತ್ತರದರಲ್ಲಿ 56 ವ್ಯಾಟ್ ಶಾಖವಾಗಿ ಹೋಗುತ್ತದೆ. ವ್ಯತ್ಯಾಸ 85 ವ್ಯಾಟ್. ದಿನಕ್ಕೆ ಮೂರು ಗಂಟೆಯಷ್ಟೇ ಪೂರ್ಣ ಉತ್ಪಾದನೆ ಎಂದು ಭಾವಿಸಿದರೂ ವರ್ಷಕ್ಕೆ 93 ಯೂನಿಟ್. ಇಪ್ಪತ್ತೈದು ವರ್ಷಗಳಲ್ಲಿ 2,300 ಯೂನಿಟಿಗೂ ಮೇಲೆ. ನಿಮ್ಮೂರಿನ ದರದಿಂದ ಗುಣಿಸಿ, ದಪ್ಪ ತಂತಿಗೆ ಹೆಚ್ಚು ತೆರುವ ಹಣದೊಡನೆ ಹೋಲಿಸಿ ನೋಡಿ. ಇದನ್ನೊಂದು ಮನೆಗೆಲಸವೆಂದು ತಿಳಿಯಿರಿ!

ಗ್ರೇ ಮತ್ತು ಎಡಿಸನ್ನರನ್ನೂ ಮರೆಯುವಂತಿಲ್ಲ. ಅಲ್ಯೂಮಿನಿಯಂ ಬಳಸುವುದಾದರೆ ಅದೇ ರೋಧಕ್ಕೆ ತಾಮ್ರದ ಒಂದೂವರೆ ಪಟ್ಟಿಗೂ ಮಿಕ್ಕಿದ ವಿಸ್ತೀರ್ಣ ಬೇಕು. ತಾಮ್ರದೊಡನೆ ಅದನ್ನು ನೇರವಾಗಿ ಹೆಣೆಯದೆ, ಎರಡು ಲೋಹಕ್ಕೂ ಹೊಂದುವ ಲಗ್ ಹಾಕಿಸಬೇಕು. ಸಡಿಲವಾದ ಜೋಡಣೆ ಎಂತಹ ದಪ್ಪ ತಂತಿಯನ್ನೂ ವ್ಯರ್ಥಗೊಳಿಸುತ್ತದೆ. ಹತ್ತು ಕಿಲೋವ್ಯಾಟಿನ ಇನ್ವರ್ಟರ್ ಸಿಂಗಲ್ ಫೇಸಿನಲ್ಲಿ 43 ಆಂಪಿಯರಿಗೂ ಹೆಚ್ಚು ಕೊಟ್ಟರೆ, ಮೂರು ಫೇಸಿನಲ್ಲಿ ಪ್ರತಿ ತಂತಿಗೆ 14.4 ಆಂಪಿಯರ್ ಮಾತ್ರ. ದೊಡ್ಡ ಘಟಕಗಳಿಗೆ ಮೂರು ಫೇಸೇ ಲೇಸು.

ಕೊನೆಯದಾಗಿ ಒಂದು ಎಚ್ಚರಿಕೆ. ಈ ತಂತಿಗೆ ಎರಡು ಕಡೆಯಿಂದಲೂ ವಿದ್ಯುತ್ತು ಬರುತ್ತದೆ. ಎಲ್ಲಿಯಾದರೂ ಶಾರ್ಟ್ ಆದರೆ ಇನ್ವರ್ಟರ್ ಕೊಡುವ ಪ್ರವಾಹ ಮಿತವಾದದ್ದು. ಬೀದಿಯ ಕಡೆಯಿಂದ ನುಗ್ಗುವ ಪ್ರವಾಹ ಅದರ ಹಲವು ಪಟ್ಟು. ಆದಕಾರಣ ಮೀಟರ್ ಬೋರ್ಡಿನ ತುದಿಯಲ್ಲಿ ತಕ್ಕ ಎಂ.ಸಿ.ಬಿ. ಇರಲೇಬೇಕು. ಮೇಲಿನ ಅಂಕಗಳು ಒಂದು ಉದಾಹರಣೆಗೆ ಸಂಬಂಧಿಸಿದವು. ನಿಮ್ಮ ಮನೆಯ ದೂರ, ಬಿಸಿಲು, ಒಂದೇ ಪೈಪಿನಲ್ಲಿ ಹೋಗುವ ತಂತಿಗಳ ಸಂಖ್ಯೆ ಇವನ್ನೆಲ್ಲ ನೋಡಿ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರೇ ನಿರ್ಧರಿಸಬೇಕು. ನೀವು ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಎಷ್ಟು ಆಂಪಿಯರ್? ಎಷ್ಟು ಮೀಟರ್? ಎಷ್ಟು ಕಾವು? ಎಷ್ಟು ವೋಲ್ಟ್ ಏರಿಕೆ? ಈ ನಾಲ್ಕಕ್ಕೂ ಅಂಕಗಳಲ್ಲಿ ಉತ್ತರ ಬಂದ ಮೇಲೆಯೇ ಗೋಡೆಗೆ ಗಾರೆ ಮೆತ್ತಲು ಹೇಳಿ.

ಸಂಶಯಗಳಿದ್ದವರು ತಮ್ಮ ಮನೆಯ ಅಳತೆಗಳನ್ನು ಬರೆದು ಕಳುಹಿಸಿದರೆ ಲೆಕ್ಕವನ್ನು ಕೂಡಿ ಬಿಡಿಸೋಣ. ಕರಿಹಲಗೆಯಿಲ್ಲ ಎಂಬುದೊಂದೇ ಕೊರತೆ.